‘ಡಾಗ್ ಟೈಟ್ ಮಾಡು’ ಅಂದ್ರೆ ಯಾವ ಡಾಗ್?

ಸಿಲಿಂಡ್ರಿಕಲ್ ಗ್ರೈಂಡರ್ (ದುಂಡನೆಯ ಜಾಬನ್ನು, ಅಂದರೆ ಕೆಲಸದ ತುಂಡನ್ನು, ತಿರುಗುವ ಸಾಣೆ ವೀಲಿನಿಂದ ಉಜ್ಜಿ ಅಳತೆಗೆ ತರುವ ಮೆಷಿನ್) ಮೇಲೆ ಎರಡು ಬಗೆಯ ಡಾಗ್ ಇರುತ್ತವೆ. ಜಾಬನ್ನು ಹಿಡಿದು ತಿರುಗಿಸುವ ಕ್ಯಾರಿಯರ್ ಒಂದು. ಜಾಬನ್ನು ಹೊತ್ತು ಅತ್ತಿತ್ತ ಓಡುವ ಟೇಬಲ್‌ನ ಟಿ-ಸ್ಲಾಟ್‌ನಲ್ಲಿ (ಟಿ ಆಕಾರದ ಗಾಡಿಯಲ್ಲಿ) ಕೂತು, ಲಿವರ್‌ಗೆ ಬಡಿದು ಸ್ಟ್ರೋಕನ್ನು ವಾಪಸ್ ತಿರುಗಿಸುವ ಟ್ರಿಪ್ ಡಾಗ್ ಇನ್ನೊಂದು. ಸೆಕೆಂಡ್ ಶಿಫ್ಟ್‌ನಲ್ಲಿ ಸೂಪರ್‌ವೈಸರ್ ದೂರದಿಂದಲೇ ‘ಲೋ, ಡಾಗ್ ಟೈಟ್ ಮಾಡೋ’ ಅಂತ ಕೂಗಿದರು. ಅಪ್ರೆಂಟಿಸ್ ಹುಡುಗ ಮೆಷಿನ್ ನಿಲ್ಲಿಸಿ, ಮೊದಲೇ ಬಿಗಿಯಾಗಿದ್ದ ಕ್ಯಾರಿಯರ್ ಬೋಲ್ಟನ್ನು ಇನ್ನಷ್ಟು ಬಿಗಿದ. ಸಡಿಲವಾಗಿದ್ದದ್ದು ಎಡಗಡೆಯ ಟ್ರಿಪ್ ಡಾಗ್.

ಮೊದಲ ಕೆಲವು ಸ್ಟ್ರೋಕ್ ಸರಿಯಾಗೇ ಹೋದವು. ಲಿವರ್‌ಗೆ ಬಡಿದಾಗಲೆಲ್ಲ ಡಾಗ್ ಕೂದಲೆಳೆಯಷ್ಟು ಜರುಗುತ್ತಿತ್ತು, ಟೇಬಲ್ ಅಷ್ಟೇ ಜಾಸ್ತಿ ಓಡುತ್ತಿತ್ತು. ಕೊನೆಗೆ ಕ್ಯಾರಿಯರ್ ಬಂದು ವೀಲಿಗೇ ತಾಗಿತು. ಗಾರ್ಡ್ ಇತ್ತು, ಬಚಾವ್. ರಿಪೋರ್ಟ್‌ನಲ್ಲಿ ‘ಆಪರೇಟರ್ ನಿರ್ಲಕ್ಷ್ಯ’ ಅಂತ ಬರೆದು ಕೈತೊಳೆದುಕೊಂಡರು. ಹುಡುಗ ಹೇಳಿದ್ದನ್ನೇ ಮಾಡಿದ್ದ!

ತಾಗಿದ ವೀಲನ್ನು ಡ್ರೆಸ್ ಮಾಡಿ (ಮೇಲ್ಮೈ ಕೆರೆದು ಸರಿಮಾಡಿ) ಓಡಿಸೋಣ ಅನ್ನುವವರು ಇದ್ದೇ ಇರುತ್ತಾರೆ. ಬೇಡ. ಬಿಚ್ಚಿ, ನೇತುಹಾಕಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಣಗಣ ಅನ್ನದೆ ಮಂಕಾಗಿ ಸದ್ದು ಬಂದರೆ ಒಳಗೆ ಬಿರುಕಿದೆ ಅಂತ, ಸ್ಕ್ರ್ಯಾಪ್. ಸದ್ದು ಸರಿಯಿದ್ದೂ ಅನುಮಾನ ಉಳಿದರೆ ಆಗಲೂ ಸ್ಕ್ರ್ಯಾಪೇ.

ಟ್ರಿಪ್ ಡಾಗ್ ಸೆಟ್ ಮಾಡುವಾಗ ವೀಲನ್ನು ಹಿಂದಕ್ಕೆ ತೆಗೆದು, ಟೇಬಲನ್ನು ಕೈಯಲ್ಲೇ ಎರಡೂ ತುದಿಗೆ ಓಡಿಸಿ ನೋಡಿ. ತೆರೆದ ತುದಿಯಲ್ಲಿ ವೀಲ್ ಅಗಲದ ಸುಮಾರು ಮೂರನೇ ಒಂದು ಭಾಗ ಜಾಬಿನಾಚೆ ಹೋಗಲಿ. ಪೂರ್ತಿ ಆಚೆ ಹೋದರೆ ತುದಿಯ ಡಯಾ (ವ್ಯಾಸ) ಇಳಿಯುತ್ತದೆ, ಹೋಗದೇ ಇದ್ದರೆ ದಪ್ಪ ಉಳಿಯುತ್ತದೆ. ಕ್ಯಾರಿಯರ್ ಕಡೆ ಈ ಲೆಕ್ಕ ಇಲ್ಲ, ಅಲ್ಲಿ ಮೊದಲೇ ನಿಲ್ಲಬೇಕು. ಟಿ-ಸ್ಲಾಟ್‌ನಲ್ಲಿ ಗ್ರೈಂಡಿಂಗ್ ಕೆಸರು ತುಂಬಿದ್ದರೆ ನಟ್ ಬಿಗಿಯಾದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ನಮ್ಮಲ್ಲಿ ಆಗಿದ್ದೂ ಅದೇ.

ಸ್ಟೋರ್ಸ್‌ನ ಕಥೆ ಬೇರೆ. ಸಿಸ್ಟಮ್‌ನಲ್ಲಿ ‘ಡಾಗ್’ ಅಂತ ಹುಡುಕಿದರೆ ಕ್ಯಾರಿಯರ್, ಡಾಗ್ ಚಕ್ (ಲೇತಿನಲ್ಲಿ ಜಾಬ್ ಹಿಡಿಯುವ ನಾಲ್ಕು ಜಾ ಇರುವ ಚಕ್), ಡಾಗ್ ಪಾಯಿಂಟ್ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಎಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ. ಕೋಡ್ ಬೇರೆ ಮಾಡಿಕೊಡಿ ಅಂತ ಕೇಳಿ ಕೇಳಿ ಸಾಕಾಗಿದೆ. ಡಾಗ್ ಪಾಯಿಂಟ್ ಗ್ರಬ್ ಸ್ಕ್ರೂ ತುದಿಯಲ್ಲಿ ಥ್ರೆಡ್ ಇಲ್ಲದ ಗೂಟ ಇರುತ್ತದೆ, ಅದು ಶಾಫ್ಟಿನ ಸ್ಲಾಟ್‌ನಲ್ಲಿ ಕೂರಬೇಕು. ಅದರ ಬದಲು ಬಟ್ಟಲಿನಂಥ ತುದಿಯ ಕಪ್ ಪಾಯಿಂಟ್ ಕೊಟ್ಟರೆ ಶಾಫ್ಟನ್ನು ಕಚ್ಚಿ ಬರ್ (ಲೋಹದ ಅಂಚು) ಎಬ್ಬಿಸುತ್ತದೆ, ಸ್ಲೈಡ್ ಜಾಮ್. ಇಂಡೆಂಟ್‌ನಲ್ಲಿ (ಸ್ಟೋರ್ಸ್‌ಗೆ ಕೊಡುವ ಬೇಡಿಕೆ ಚೀಟಿಯಲ್ಲಿ) ‘ಐಎಸ್‌ಒ 4028, ಎಂ8 × 16’ ಅಂತಲೇ ಬರೆಯಿರಿ. 4029 ಬಂದರೆ ಅದು ಕಪ್ ಪಾಯಿಂಟ್, ವಾಪಸ್ ಕಳಿಸಿ.

ಡಾಗ್ ಚಕ್ ಅನ್ನುವ ಹೆಸರನ್ನು ಮಾತ್ರ ಬದಲಾಯಿಸಲು ಹೋಗಿಲ್ಲ. ‘ಫೋರ್ ಜಾ’ ಅಂದರೆ ನಮ್ಮ ಟರ್ನರ್‌ಗಳು ತಿರುಗಿಯೂ ನೋಡುವುದಿಲ್ಲ.