ಅನಾನಸ್ ದಿಂಡು ಮತ್ತು ಇಪ್ಪತ್ಮೂರು ಸಾಲಿನ ಪಟ್ಟಿ

ಅನಾನಸ್ ಹಣ್ಣಿನ ನಡುವೆ ಗಟ್ಟಿ ದಿಂಡು ಇರುತ್ತಲ್ಲ, ಕೊಯ್ದು ಬಿಸಾಡುವ ಭಾಗ, ಅದನ್ನು ಐದು ಚೂರು ಮಾಡಿ ಡಬ್ಬಿಯಲ್ಲಿ ಇಟ್ಟಿದ್ದೆ. ಮಗುವಿಗಾಗಿ ಐವಿಎಫ್ ಮಾಡಿಸುತ್ತಿದ್ದೆವು, ಅಂಡ ಮತ್ತು ವೀರ್ಯಾಣುವನ್ನು ಲ್ಯಾಬಿನಲ್ಲಿ ಕೂಡಿಸುವ ಚಿಕಿತ್ಸೆ. ಹಾಗೆ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಎಂಬ್ರಿಯೋ ಟ್ರಾನ್ಸ್‌ಫರ್ ಆದ ದಿನದಿಂದ ದಿನಕ್ಕೊಂದು ಚೂರು. ಮೂರನೇ ದಿನಕ್ಕೆ ನಾಲಿಗೆ ತುದಿ ಕೆಂಪಗಾಗಿ, ನೀರು ಕುಡಿದರೂ ಚುರುಗುಟ್ಟುತ್ತಿತ್ತು. ನಾಲ್ಕನೇ ಚೂರು ತಿನ್ನಲು ಆಗಲಿಲ್ಲ.

ದಿಂಡಿನಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ, ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳಲು ಅದು ನೆರವಾಗುತ್ತದೆ ಅಂತ ಎಲ್ಲೋ ಓದಿದ್ದೆ. ಬ್ರೊಮೆಲೈನ್ ಪ್ರೋಟೀನ್ ಒಡೆಯುತ್ತದೆ ಅನ್ನುವುದು ನಿಜ, ನನ್ನ ನಾಲಿಗೆಯೇ ಸಾಕ್ಷಿ. ಗರ್ಭಕೋಶದ ವಿಷಯಕ್ಕೆ ಮಾತ್ರ ಯಾವ ಪುರಾವೆಯೂ ಇಲ್ಲ. ಆದರೆ ಬೀಟಾ ಟೆಸ್ಟ್ (ಗರ್ಭ ನಿಂತಿದೆಯೇ ಅಂತ ನೋಡುವ ರಕ್ತಪರೀಕ್ಷೆ) ನೆಗೆಟಿವ್ ಅಂತ ನರ್ಸ್ ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಡಬ್ಬಿಯಲ್ಲೇ ಉಳಿದಿದ್ದ ಆ ಎರಡು ಚೂರು. ತಿಂದಿದ್ದರೆ ಆಗ್ತಿತ್ತೇನೋ!

ಎರಡನೇ ಸೈಕಲ್, ಅಂದರೆ ಚಿಕಿತ್ಸೆಯ ಎರಡನೇ ಸುತ್ತು, ಶುರುವಾಗುವ ಮುಂಚೆ ಡಯಟಿಶಿಯನ್ ಹತ್ತಿರ ಹೋದೆವು. ಏನು ತಿನ್ನಬೇಕು, ಏನು ಮುಟ್ಟಬಾರದು ಅಂತ ನಾನು ಬರೆದು ಫ್ರಿಡ್ಜ್‌ಗೆ ಅಂಟಿಸಿದ್ದ ಪಟ್ಟಿಯನ್ನೂ ತೋರಿಸಿದೆ. ಇಪ್ಪತ್ಮೂರು ಸಾಲು. ಅವರು ಪೂರ್ತಿ ಓದಿದರು, ಪಾಪ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ನಿಮ್ಮ ಯಜಮಾನರ ಪಾಲು ಎಲ್ಲಿ?" ಯಜಮಾನರು ಪಕ್ಕದಲ್ಲೇ ಕೂತಿದ್ದರು, ಅಂಗಿಯ ಮೇಲೆ ಬಿಸ್ಕೆಟ್ ಪುಡಿ.

ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕಂತೆ. ಅಂಡದ ಕೊನೆಯ ಹಂತದ ಬೆಳವಣಿಗೆಗೂ ಹೆಚ್ಚುಕಡಿಮೆ ಮೂರು ತಿಂಗಳು. ಅಂದರೆ ಅಂಡ ಬೆಳೆಸುವ ಇಂಜೆಕ್ಷನ್ ನಡೆಯುವ ಹತ್ತು ಹನ್ನೆರಡು ದಿನ ಮಾತ್ರ ಹೊಟ್ಟೆಗೆ ಒಳ್ಳೆಯದನ್ನು ತುರುಕಿದರೆ ಸಾಲದು. ಮುಂಚಿನಿಂದ ಇಬ್ಬರೂ ಸರಿಯಾಗಿ ಊಟ ಮಾಡಬೇಕು. ಕೇಳಿದ ಮೇಲೆ ಎಷ್ಟು ಸರಳ, ಅಲ್ವಾ? ಮೊದಲ ಸೈಕಲ್‌ನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ನನ್ನ ಪಟ್ಟಿಯಲ್ಲಿ ಕಾಟು ಬೀಳದೆ ಉಳಿದದ್ದು ಕೆಲವೇ ಸಾಲು. ಫೋಲಿಕ್ ಆಸಿಡ್ ಅದರಲ್ಲಿ ಮೊದಲನೆಯದು, ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವ ಮುಂಚಿನಿಂದಲೇ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ನಿಂತು ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಜನಕ್ಕೆ ಆಗಿನ್ನೂ ಬಸಿರು ಅಂತಲೇ ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್‌ಗೆ ಮಾತ್ರೆ ತಗೊಳ್ಳುತ್ತಿದ್ದರೆ ಡೋಸ್ ಬೇರೆ, ಅದನ್ನು ಡಾಕ್ಟರೇ ಹೇಳಬೇಕು. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಒಳಗೆ. ನನ್ನ ದೊಡ್ಡ ಮಗ್ ಎರಡು ತುಂಬಿದರೆ ಅದು ದಾಟಿಬಿಡುತ್ತದೆ, ಹಾಗಾಗಿ ಈಗ ಬೆಳಿಗ್ಗೆ ಒಂದೇ. ಮದ್ಯ, ಸಿಗರೇಟು ಇಬ್ಬರಿಗೂ ಇಲ್ಲ.

ಇವರಿಗೆ ಕೊಡಿಸೋಣ ಅಂತ ಜಿಂಕ್ ಮಾತ್ರೆಯ ಡಬ್ಬಿಯೊಂದನ್ನು ನೋಡಿಟ್ಟಿದ್ದೆ. ಡಯಟಿಶಿಯನ್ ಬೇಡ ಅಂದರು. ಅಮೆರಿಕದಲ್ಲಿ 2,370 ಜೋಡಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರಿಗೆ ಆರು ತಿಂಗಳು ಜಿಂಕ್ ಮತ್ತು ಫೋಲಿಕ್ ಆಸಿಡ್ ಕೊಟ್ಟು ನೋಡಿದ್ದಾರೆ. ವೀರ್ಯದ ಗುಣಮಟ್ಟವೂ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಜಾಸ್ತಿ ಆಗಲಿಲ್ಲ. ಹೊಟ್ಟೆ ಕೆಡುವುದು ಮಾತ್ರ ಜಾಸ್ತಿ ಆಯಿತಂತೆ.

ಮತ್ತೆ ತಿನ್ನುವುದು ಏನು? ಮಾಮೂಲಿ ಊಟವೇ. ತಟ್ಟೆಯ ಅರ್ಧ ತರಕಾರಿ, ಸೊಪ್ಪು. ತೌಡು ತೆಗೆಯದ ಧಾನ್ಯ, ಬೇಳೆಕಾಳು, ಮೊಟ್ಟೆ, ಒಂದು ಹಿಡಿ ಬಾದಾಮಿ ಅಕ್ರೋಟು. ಮೀನು ತಿನ್ನುವವರು ಪಾದರಸ ಜಾಸ್ತಿ ಇರುವ ಶಾರ್ಕ್‌ನಂಥ ದೊಡ್ಡ ಮೀನು ಬಿಡಬೇಕು. ವಿಟಮಿನ್ ಎ ವಿಪರೀತ ಇರುವುದರಿಂದ ಲಿವರ್ ಕೂಡ ಬೇಡ. ಇಷ್ಟು ಮಾಡಿದರೆ ಗರ್ಭ ನಿಲ್ಲುತ್ತದೆ ಅಂತ ಅವರು ಹೇಳಲಿಲ್ಲ. ನಾನು ಕೇಳಿದ್ದಕ್ಕೆ, "ಊಟ ಚಿಕಿತ್ಸೆಗೆ ಜೊತೆ, ಬದಲಿ ಅಲ್ಲ" ಅಂದರು.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಬರೆದುಬಿಡುತ್ತೇನೆ. ಎಗ್ ಪಿಕಪ್ (ಅಂಡಾಶಯದಿಂದ ಅಂಡ ಹೊರತೆಗೆಯುವುದು) ಆದ ಮೇಲೆ ಹೊಟ್ಟೆ ಬಲೂನು. ಅದರ ಮೇಲೆ ಗರ್ಭಕ್ಕೆ ಆಸರೆಯಾಗಲಿ ಅಂತ ಕೊಡುವ ಪ್ರೊಜೆಸ್ಟರಾನ್ ಹಾರ್ಮೋನ್ ಶುರುವಾದರೆ ಮಲಬದ್ಧತೆ. ಆ ಒಂದು ವಾರ ನನಗೆ ಬೇಕಾಗಿದ್ದು ಪೌಷ್ಟಿಕಾಂಶದ ಪಾಠ ಅಲ್ಲ, ನೆನೆಸಿದ ಒಣದ್ರಾಕ್ಷಿ ಮತ್ತು ನೀರು. ಒಂದೇ ಸಲಕ್ಕೆ ತಟ್ಟೆ ತುಂಬ ಉಣ್ಣಲು ಆಗದೆ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿಂದೆ. ದಿನಾ ತೂಕ ನೋಡಿಕೊಳ್ಳುತ್ತಿದ್ದೆ. ತೂಕ ದಿಢೀರನೆ ಏರಿದರೆ, ಉಸಿರು ಕಟ್ಟಿದರೆ, ಮೂತ್ರ ಕಮ್ಮಿಯಾದರೆ ಮನೆಮದ್ದು ಮಾಡುತ್ತಾ ಕೂರಬಾರದು, ತಕ್ಷಣ ಕ್ಲಿನಿಕ್‌ಗೆ ಫೋನ್ ಮಾಡಬೇಕು.

ಈಗ ಫ್ರಿಡ್ಜ್ ಬಾಗಿಲ ಮೇಲೆ ಪಟ್ಟಿ ಇಲ್ಲ. ಇಂಜೆಕ್ಷನ್ ಪೆನ್ನುಗಳು ಮೊಟ್ಟೆ ಟ್ರೇ ಪಕ್ಕ ಇದ್ದ ಜಾಗವೂ ಖಾಲಿ. ಅಕ್ಕ ದಿನಾ ಫೋನ್ ಮಾಡಿ "ಏನು ತಿಂದೆ?" ಅಂತ ಕೇಳುವುದು ಮಾತ್ರ ನಿಂತಿಲ್ಲ. ಸುಮ್ನೆ "ಎಲ್ಲ ತಿಂದೆ ಕಣೇ" ಅಂತೀನಿ.

ನಿನ್ನೆ ಇವರು ಅನಾನಸ್ ತಂದಿದ್ದರು. ಇಬ್ಬರೂ ಕೂತು ಹಣ್ಣು ತಿಂದೆವು, ದಿಂಡು ಕಸದ ಬುಟ್ಟಿಗೆ ಹೋಯಿತು. ಸುಳ್ಳು ಯಾಕೆ ಹೇಳಲಿ, ಬಿಸಾಡುವಾಗ ಕೈ ಒಂದು ಸಲ ತಡೆಯಿತು. ಟ್ರಾನ್ಸ್‌ಫರ್ ಗುರುವಾರ.