ಕತ್ತು ಬಿಡು ಅಂದ್ರೆ ಬಿಡಲ್ಲ

ಜನವರಿ 20, 2024, ಶನಿವಾರ
ಆರೋವಿಲ್, ಪುದುಚೇರಿ ಹತ್ರ

ವಾಟ್ಸು ಕೋರ್ಸಿನ ನಾಲ್ಕನೇ ದಿನ. ಬೆರಳ ತುದಿಯೆಲ್ಲ ಸುಕ್ಕಾಗಿ ಒಣದ್ರಾಕ್ಷಿ ಥರ ಆಗಿದೆ, ಫೋನಿನ ಲಾಕ್ ಕೂಡ ನನ್ನ ಬೆರಳನ್ನ ಗುರುತು ಹಿಡೀತಿಲ್ಲ. ಅಮ್ಮ ಫೋನ್ ಮಾಡಿ "ಅಲ್ಲ ಕಣೆ, ಸಂಕ್ರಾಂತಿ ಮುಗಿದ ಮಾರನೇ ದಿನಾನೇ ಓಡಿದ್ಯಲ್ಲ, ಈಜು ಕಲಿಯೋಕೆ ಅಲ್ಲೀತನಕ ಹೋಗ್ಬೇಕಿತ್ತಾ" ಅಂದ್ಳು. ಈಜಲ್ಲಮ್ಮ, 35 ಡಿಗ್ರಿ ಬೆಚ್ಚಗಿನ ನೀರಲ್ಲಿ ಒಬ್ಬರನ್ನ ಅಂಗಾತ ತೇಲಿಸಿ, ಎತ್ಕೊಂಡು, ನಿಧಾನಕ್ಕೆ ಆಡಿಸೋದು, ಅಂದೆ. ಮಗೂಗೆ ಎರೆಯೋ ಹಾಗಾ ಅಂತ ಕೇಳಿದ್ಳು. ನಮ್ಮ ಟೀಚರ್ ಮೂರು ದಿನ ಹೇಳಿದ್ದು ಅವಳು ಒಂದೇ ಮಾತಲ್ಲಿ ಮುಗಿಸಿಬಿಟ್ಳು!

ಕ್ಯಾಲಿಫೋರ್ನಿಯಾದ ಹಾರ್ಬಿನ್ ಹಾಟ್ ಸ್ಪ್ರಿಂಗ್ಸ್ ಅನ್ನೋ ಬಿಸಿನೀರ ಬುಗ್ಗೆ ಜಾಗದಲ್ಲಿ ಹ್ಯಾರಲ್ಡ್ ಡಲ್ ಅನ್ನೋರು 1980ರಲ್ಲಿ ಶುರು ಮಾಡಿದ್ದಂತೆ ಇದು, ಬೆರಳಲ್ಲಿ ಒತ್ತಿ ಮಾಡೋ ಜಪಾನಿನ ಮಸಾಜ್ ಶಿಯಾಟ್ಸುವನ್ನ ನೀರಿಗೆ ಇಳಿಸಿ. ಆತ ಕವಿ ಕೂಡ. ಅದಕ್ಕೇ ಇರ್ಬೇಕು, ಮೊದಲ ಪಾಠದಲ್ಲಿ ಏನೂ ಮಾಡೋ ಹಾಗೇ ಇಲ್ಲ, ಉಸಿರು ಮಾತ್ರ. ತೇಲ್ತಿರೋರು ಉಸಿರೆಳೆದ್ರೆ ಮೈ ತಾನೇ ಮೇಲೇಳುತ್ತೆ, ಬಿಟ್ರೆ ಇಳಿಯುತ್ತೆ, ನಾವು ಅದರ ಜೊತೆಗೆ ಹೋಗ್ಬೇಕು ಅಷ್ಟೆ. ನಿಲ್ಲೋದು ಥೇಟ್ ಅರಮಂಡಿ. ಚಿಕ್ಕವಳಿದ್ದಾಗ ಭರತನಾಟ್ಯ ಬಿಟ್ಟಿದ್ದಕ್ಕೆ ಈಗ ತೊಡೆ ಸೇಡು ತೀರಿಸ್ಕೊಳ್ತಿದೆ.

ಇವತ್ತಿನ ಪಾರ್ಟ್ನರ್ ಇಲ್ಲೇ ತುಂಬಾ ವರ್ಷದಿಂದ ಇರೋ ಅರವತ್ತು ದಾಟಿದ ಒಬ್ಬ ಆಂಟಿ. ಅವರ ತಲೆ ನನ್ನ ಎಡ ಮೊಣಕೈ ಮಡಿಕೆಯಲ್ಲಿತ್ತು, ಮುಂದಿನ ಸ್ಟೆಪ್ ಯಾವುದು ಅಂತ ಯೋಚಿಸ್ತಾ ಕೈ ಸಡಿಲ ಬಿಟ್ಟೆ ನೋಡಿ, ಮುಖ ಅರ್ಧ ಮುಳುಗಿ ಮೂಗಿಗೆ ನೀರು. ನಾನು ಸಾರಿ ಸಾರಿ ಅಂತ ಹತ್ತು ಸಲ ಅಂದೆ, ಅವರು ಕೆಮ್ಮಿ ಕೆಮ್ಮಿ ನಗ್ತಾ ಮತ್ತೆ ವಾಪಸ್ ಅದೇ ತೋಳಿಗೇ ತಲೆ ಇಟ್ರು.

ಆಮೇಲೆ ನನ್ನ ಸರದಿ. ಕೈಕಾಲು ಬಿಟ್ಟೆ, ಸೊಂಟ ಬಿಟ್ಟೆ, ಕತ್ತು ಮಾತ್ರ ಊಹೂಂ. "ನಿನ್ನ ತಲೆ ನೀನೇ ಹೊತ್ಕೊಂಡಿದೀಯ" ಅಂದ್ರು ಆಂಟಿ. ಹೌದಲ್ವಾ, ಎಷ್ಟು ವರ್ಷದಿಂದ! ಯಾವಾಗ ಬಿಟ್ಟೆನೋ ಗೊತ್ತಿಲ್ಲ, ಕಿವಿ ನೀರೊಳಗಿದ್ದಿದ್ದರಿಂದ ನನ್ನ ಉಸಿರೇ ಗುಹೇಲಿ ಕೇಳಿದ ಹಾಗೆ ಕೇಳ್ತಿತ್ತು, ಅಷ್ಟರಲ್ಲಿ ಅಳು. ಹೊರಗೆ ಬಂದ್ರೆ ಒಬ್ಬರೂ ಯಾಕೆ ಏನು ಅಂತ ಕೇಳ್ಲಿಲ್ಲ, ಯಾರೋ ಟವೆಲ್ ಹೊದಿಸಿದ್ರು, ಇನ್ಯಾರೋ ಶುಂಠಿ ಟೀ ಕೈಗಿಟ್ರು. ನಮ್ಮ ಕಡೆ ಆಗಿದ್ರೆ ಇಷ್ಟೊತ್ತಿಗೆ ದೃಷ್ಟಿ ತೆಗೆದು ದೊಡ್ಡಮ್ಮನಿಗೂ ಸುದ್ದಿ ಮುಟ್ಟಿರ್ತಿತ್ತು.

ಸಂಜೆ ಆಂಟಿ ಸೈಕಲ್ ತಳ್ಕೊಂಡು ಗೆಸ್ಟ್ ಹೌಸ್ ತನಕ ಬಂದ್ರು. 1968ರಲ್ಲಿ ಈ ಊರು ಶುರುವಾದಾಗ ಇಲ್ಲೆಲ್ಲ ಬರೀ ಕೆಂಪು ಮಣ್ಣಿನ ಬಯಲಂತೆ, ಈಗ ಮರಗಳ ನಡುವೆ ಟಾರ್ಚ್ ಇಲ್ದೆ ದಾರಿ ಕಾಣಲ್ಲ. ಗೇಟ್ ಹತ್ರ ನಿಂತು ಒಂಟಿ ಕಾಲಲ್ಲಿ ಕುಣಿದು ಕಿವಿ ನೀರು ಹೊರಗೆ ಹಾಕಿ, "ನಾಳೇನೂ ನೀನೇ ನನ್ನ ಪಾರ್ಟ್ನರ್" ಅಂದು ಹೋದ್ರು.