ಸ್ವಲ್ಪ ಹೊತ್ತು ಕುಳಿತು ಬರುವುದು

ಇಷ್ಟು ವರ್ಷ ನಾನು ಆ ಬೆಟ್ಟಕ್ಕೆ ಹೋಗದೇ ಇದ್ದುದಕ್ಕೆ ಕಾರಣ ಅದರ ಹೆಸರು: ಮಡೋನ್ನಾ ಡೆಲ್ಲಾ ಕೊರೋನಾ. ಮೇರಿ ಮಾತೆಯ ದೇಗುಲವಿರುವ ಬೆಟ್ಟ, ಇಟಲಿಯ ವೆರೋನಾದ ನಮ್ಮ ಮನೆಯಿಂದ ದೂರವೇನಲ್ಲ. ಇಟಾಲಿಯನ್ ಭಾಷೆಯಲ್ಲಿ ಕೊರೋನಾ ಎಂದರೆ ಕಿರೀಟ. ಸುತ್ತಲ ಬೆಟ್ಟಗಳು ಕಿರೀಟದಂತೆ ನಿಂತಿರುವುದರಿಂದ ಅಲ್ಲಿನ ಮಾತೆಗೆ ಆ ಹೆಸರು ಎನ್ನುತ್ತಾರೆ. ಶತಮಾನಗಳ ಹಳೆಯ ಹೆಸರು, ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ 2021ರ ಮೇ ತಿಂಗಳಲ್ಲಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅಪ್ಪ ತೀರಿಕೊಂಡಾಗ, ಇಲ್ಲಿಂದ ಹೊರಡಲಾಗದೆ ಎಲ್ಲವನ್ನೂ ಮೊಬೈಲ್ ಪರದೆಯಲ್ಲಿ ನೋಡಿದವಳು ನಾನು. ಆ ಪದ ಕಿವಿಗೆ ಬಿದ್ದರೂ ಸಾಕು, ಮೈ ಬಿಗಿಯುತ್ತಿತ್ತು.

ಕೆಳಮನೆಯ ಅಜ್ಜಿ ಪ್ರತಿ ಶರತ್ಕಾಲದಲ್ಲೂ ಅಲ್ಲಿಗೆ ನಡೆದೇ ಹೋಗುತ್ತಾರೆ. ಎಪ್ಪತ್ತಮೂರು ವಯಸ್ಸು. ಪ್ರತಿ ಸಲವೂ ಕರೆಯುತ್ತಿದ್ದರು, ನಾನು ಏನಾದರೊಂದು ನೆಪ ಹೇಳುತ್ತಿದ್ದೆ. ಈ ಅಕ್ಟೋಬರಿನಲ್ಲಿ ಜೊತೆಗೆ ಬರಬೇಕಿದ್ದ ಅವರ ತಂಗಿಯ ಕಾಲು ಉಳುಕಿತು. ಅವರು ಒಬ್ಬರೇ ಊರುಗೋಲು ಹಿಡಿದು ಹೊರಟಿದ್ದನ್ನು ಕಂಡು ಮನಸ್ಸು ತಡೆಯಲಿಲ್ಲ. ನಾನೂ ಬೂಟು ಹಾಕಿಕೊಂಡೆ.

ಸ್ಪಿಯಾತ್ಸಿ ಎಂಬ ಹಳ್ಳಿ ದೇಗುಲಕ್ಕಿಂತ ಮೇಲಿದೆ. ಅಲ್ಲಿಂದ ರಸ್ತೆಯಲ್ಲಿ ಆರಾಮವಾಗಿ ಇಳಿದು ಬರಬಹುದು, ಪುಟ್ಟ ಬಸ್ಸೂ ಇದೆ. ಅಜ್ಜಿಗೆ ಅದು ಬೇಡ. ಅದಿಜೆ ನದಿಯ ಕಣಿವೆಯಲ್ಲಿರುವ ಬ್ರೆಂಟಿನೊದಿಂದ ಯಾತ್ರಿಕರ ಹಳೆಯ ದಾರಿ ಹೊರಡುತ್ತದೆ: ಸುಮಾರು 2.5 ಕಿಲೋಮೀಟರ್, 600 ಮೀಟರ್ ಏರಿಕೆ, 1,500ಕ್ಕೂ ಹೆಚ್ಚು ಮೆಟ್ಟಿಲು. ಕೆಲವು ಕಲ್ಲಿನವು, ಕೆಲವು ಮಣ್ಣಿಗೆ ಮರದ ತುಂಡು ಕೊಟ್ಟು ಮಾಡಿದವು. ಮೊದಲ ಅರ್ಧ ಗಂಟೆ ಕಣಿವೆಯ ಹೆದ್ದಾರಿಯ ಸದ್ದು ಬೆನ್ನಿಗೆ ಅಂಟಿಕೊಂಡೇ ಬರುತ್ತದೆ. ಆಮೇಲೆ ಕಾಡು ಅದನ್ನು ನುಂಗಿಬಿಡುತ್ತದೆ. ಕೆಳಗೆ ದ್ರಾಕ್ಷಿ ತೋಟಗಳು ಬಾಚಿದ ತಲೆಯಂತೆ ಸಾಲುಸಾಲಾಗಿ ಕಾಣುತ್ತವೆ. ಅಜ್ಜಿ ಮಾತಾಡದೆ ಹತ್ತಿದರು. ನಾನು ಅಭ್ಯಾಸಬಲದಿಂದ ಮೆಟ್ಟಿಲು ಎಣಿಸತೊಡಗಿ, ಇನ್ನೂರರ ಆಚೆ ಎಲ್ಲೋ ತಪ್ಪಿಸಿಕೊಂಡೆ.

ಕೊನೆಯ ತಿರುವಿನಲ್ಲಿ ತಲೆಯೆತ್ತಿದಾಗ ಉಸಿರು ನಿಂತಿತು. ಕಡಿದಾದ ಬಂಡೆಯ ನಡುವೆ, 774 ಮೀಟರ್ ಎತ್ತರದಲ್ಲಿ, ಹಕ್ಕಿ ಕಟ್ಟಿದ ಗೂಡಿನಂತೆ ಇಗರ್ಜಿ. ಒಳಗೆ ಹೋದರೆ ಒಂದು ಪಕ್ಕಕ್ಕೆ ಗೋಡೆಯೇ ಇಲ್ಲ, ಬೆಟ್ಟದ ಬಂಡೆಯೇ ಗೋಡೆ. ಪೀಠದ ಮೇಲೆ 1432ರ ಒಂದು ಚಿಕ್ಕ ಶಿಲಾಮೂರ್ತಿ: ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ಮೇರಿ. 1522ರಲ್ಲಿ ತುರ್ಕರು ರೋಡ್ಸ್ ದ್ವೀಪವನ್ನು ಗೆದ್ದಾಗ ಆ ಮೂರ್ತಿ ರಾತ್ರೋರಾತ್ರಿ ತಾನಾಗಿಯೇ ಈ ಬಂಡೆಗೆ ಬಂದಿತೆಂದು ಐತಿಹ್ಯ. ನಮ್ಮಲ್ಲಿ ಹುತ್ತದಲ್ಲಿ ಒಡಮೂಡಿದ ದೇವರ ಕತೆಗಳನ್ನು ಕೇಳಿ ಬೆಳೆದವಳಿಗೆ ಅದೇನೂ ಹೊಸದೆನಿಸಲಿಲ್ಲ.

ಅಜ್ಜಿ ಮೂರನೆಯ ಬೆಂಚಿನಲ್ಲಿ ಕುಳಿತರು. ಮೇಣದಬತ್ತಿ ಹಚ್ಚಲಿಲ್ಲ, ಮಂಡಿಯೂರಲಿಲ್ಲ, ತುಟಿಯೂ ಅಲುಗಲಿಲ್ಲ. ಅರ್ಧ ಗಂಟೆ ಸುಮ್ಮನೆ ನೋಡುತ್ತಿದ್ದರು. ಹೊರಗೆ ಬಂದು ಬ್ರೆಡ್ಡು ಬಿಚ್ಚಿ ತಿನ್ನುವಾಗ ಕೇಳಿಬಿಟ್ಟೆ: ‘ಏನು ಬೇಡಿಕೊಂಡಿರಿ?’

ಅವರ ಮಗ ಹದಿನಾರು ವರ್ಷಗಳ ಹಿಂದೆ ರಸ್ತೆ ಅಪಘಾತದಲ್ಲಿ ಹೋದವನು. ಅದು ನನಗೆ ಗೊತ್ತಿತ್ತು. ಆದರೂ ಕೇಳಿದೆ.

‘ಬೇಡುವುದಾ?’ ಎಂದರು. ‘ಅವಳಿಗೇ ಅವಳ ಮಗನನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ. ನಾನೇನು ಕೇಳಲಿ? ಅವಳ ಜೊತೆ ಸ್ವಲ್ಪ ಹೊತ್ತು ಕುಳಿತು ಬರುತ್ತೇನೆ, ಅಷ್ಟೆ.’

ನನ್ನ ಕೈಯಲ್ಲಿದ್ದ ಬ್ರೆಡ್ಡು ಹಾಗೆಯೇ ಉಳಿಯಿತು. ನಾಲ್ಕು ವರ್ಷಗಳ ಹಿಂದೆ ಅಮ್ಮನಿಗೆ ನಾನಾಡಿದ ಮಾತು ಎದುರಿಗೆ ಬಂದು ನಿಂತಿತ್ತು.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅಮ್ಮ ಹರಕೆ ಹೊತ್ತಿದ್ದಳು. ಬದುಕಿ ಬಂದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಆ ಮೆಟ್ಟಿಲುಗಳಿಗೆ ಎಷ್ಟು ತಲೆಮಾರಿನ ಹೆಂಗಸರು ಬೆನ್ನು ಬಗ್ಗಿಸಿದ್ದಾರೋ! ಅಪ್ಪ ಬರಲಿಲ್ಲ. ಆದರೆ ಬೆಟ್ಟಕ್ಕೆ ಮತ್ತೆ ಜನರನ್ನು ಬಿಟ್ಟಾಗ ಅಮ್ಮ ಬೆಳಗಿನ ಜಾವ ಬಟ್ಟಲು ಹಿಡಿದು ಹೋದಳು. ಒಂದೊಂದು ಮೆಟ್ಟಿಲಿಗೂ ಬಗ್ಗಿ ಹಚ್ಚುತ್ತಿದ್ದವಳನ್ನು ಪಕ್ಕದಲ್ಲಿ ಹತ್ತುತ್ತಿದ್ದ ಒಬ್ಬಾಕೆ ಅವಳ ಬರಿಹಣೆ ನೋಡಿ, ‘ನೀವು ಕುಂಕುಮ ಮುಟ್ಟಬಾರದಲ್ಲ’ ಎಂದಳಂತೆ. ಅಮ್ಮ ತಲೆಯೆತ್ತದೆ ಮುಂದಿನ ಮೆಟ್ಟಿಲಿಗೆ ಹೋದಳಂತೆ.

ಗಂಡನನ್ನು ಕಳೆದುಕೊಂಡವಳ ಕೈಯಲ್ಲಿರುವ ಬಟ್ಟಲನ್ನು ದೇವಿಯ ಮೆಟ್ಟಿಲಲ್ಲೇ ನಿಂತು ಪ್ರಶ್ನಿಸುವ ನಮ್ಮ ಊರಿನ ಈ ಕ್ರೌರ್ಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಇಲ್ಲಿ ಅಜ್ಜಿ ಯಾಕೆ ಮಂಡಿಯೂರಲಿಲ್ಲ ಎಂದು ಯಾರೂ ಕೇಳಲಿಲ್ಲ. ಇಗರ್ಜಿಯ ಬಳಿ, ಯೇಸು ಹತ್ತಿದನೆಂದು ಭಕ್ತರು ನಂಬುವ ರೋಮ್‌ನ ಪವಿತ್ರ ಮೆಟ್ಟಿಲುಗಳ ಪ್ರತಿರೂಪವಿದೆ. ಅದನ್ನು ಮೊಣಕಾಲಲ್ಲೇ ಹತ್ತುವವರು ಹತ್ತುತ್ತಾರೆ, ಉಳಿದವರು ಬದಿಯಲ್ಲಿ ಸುಮ್ಮನೆ ಹೋಗುತ್ತಾರೆ.

ಆದರೆ ಅಂದು ಅಮ್ಮನನ್ನು ನೋಯಿಸಿದವಳು ಆಕೆಯೊಬ್ಬಳೇ ಅಲ್ಲ. ಫೋನಿನಲ್ಲಿ ಇದನ್ನು ಹೇಳಿದಾಗ ನಾನು ರೇಗಿದ್ದೆ: ‘ದೇವಿ ಕೊಡಲಿಲ್ಲ. ನೀನೇಕೆ ಕೊಡಬೇಕು?’ ಅಮ್ಮ ಏನೂ ಹೇಳಲಿಲ್ಲ. ಮರುವರ್ಷವೂ ಹೋದಳು, ಅದರ ಮರುವರ್ಷವೂ. ನನಗೆ ಮಾತ್ರ ತಿಳಿಸುವುದನ್ನು ಬಿಟ್ಟಳು; ಅಕ್ಕನ ಬಾಯಿಂದ ಕೇಳಬೇಕಾಯಿತು.

ಇಳಿಯುವಾಗ ಅಜ್ಜಿಯ ಮೊಣಕಾಲು ನಡುಗುತ್ತಿತ್ತು. ಕೈ ಕೊಟ್ಟೆ, ಹಿಡಿದುಕೊಂಡರು. ಬ್ರೆಂಟಿನೊ ತಲುಪುವವರೆಗೂ ಬಿಡಲಿಲ್ಲ.

ಮರುದಿನ ಅಮ್ಮನಿಗೆ ಫೋನ್ ಮಾಡಿ ಬೆಟ್ಟದ ವಿಷಯ ಹೇಳಿದೆ. ಹೆಸರನ್ನೂ ಹೇಳಿದೆ. ಅವಳು ಎಷ್ಟು ಮೆಟ್ಟಿಲು ಎಂದು ಕೇಳಿದಳು, ಹಿಡಿದುಕೊಳ್ಳಲು ಕಂಬಿ ಇದೆಯೇ ಎಂದು ಕೇಳಿದಳು, ಆ ಅಜ್ಜಿಯ ಮಗನಿಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದಳು. ನಾನು ಮೊದಲ ಬಾರಿಗೆ, ‘ಈ ವರ್ಷ ಆಷಾಢದಲ್ಲಿ ನೀನು ಹೋಗಿದ್ದೆಯಾ?’ ಎಂದೆ.

‘ಪೂರ್ತಿ ಆಗಲಿಲ್ಲ ಕಣೇ,’ ಎಂದಳು. ‘ಕಾಲು ಹಿಡಿದುಕೊಂಡಿತು. ನಂದಿಯವರೆಗೆ ಹೋದೆ. ಅಲ್ಲೇ ಸ್ವಲ್ಪ ಹೊತ್ತು ಕುಳಿತಿದ್ದೆ.’